ಬಾಗಿಲಿನಿಂದ ಬೇವಿನ ಗಿಡದವರೆಗೆ

ಆಕೆಯ ಸೆರಗಿನ ಒಂದು ತುದಿ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಇಳಕಲ್ ಸೀರೆಯ ಕೆಂಪು ಸೆರಗು. ಉಳಿದದ್ದೆಲ್ಲ ಬಿಸಿಲಿಗೆ ಬಣ್ಣ ಬಿಟ್ಟು ಮಾಸಿದ್ದರೂ ಆ ಮೂಲೆ ಮಾತ್ರ ಈಗ ತಾನೇ ನೀರಿನಿಂದ ಎತ್ತಿದ ಹಾಗೆ ಕಡುಗೆಂಪಾಗಿ, ಮುದ್ದೆಯಾಗಿ ಕಾಣುತ್ತಿತ್ತು. ಅದು ಸದಾ ಒಂದು ಮಗುವಿನ ಬಾಯಲ್ಲಿರುತ್ತಿತ್ತು. ಆ ಮಗುವನ್ನು ಹಡೆದವಳು ಆಕೆಯಲ್ಲ.

ಇಷ್ಟು ಬರೆದು ಎದ್ದು ಹೋಗುವುದು ನನಗೆ ರೂಢಿಯಾಗಿಬಿಟ್ಟಿದೆ. ಅಂಗಳಕ್ಕೆ ಹೋಗುತ್ತೇನೆ, ನೀರು ಕುಡಿಯುತ್ತೇನೆ, ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನವರೆಗೆ ನಡೆದು ಬರುತ್ತೇನೆ. ಬಂದ ಮೇಲೆ, ನಾಳೆ ನೋಡೋಣ ಅನ್ನಿಸುತ್ತದೆ. ಹೇಳಬೇಕಾದ್ದನ್ನು ಹೀಗೆ ವರ್ಷಗಟ್ಟಲೆ ಮುಂದೂಡಿದ್ದೇನೆ. ಕೋರ್ಟಿನಲ್ಲಿ ದುಡಿದವನಿಗೆ ಮುಂದೂಡುವುದನ್ನು ಯಾರೂ ಕಲಿಸಬೇಕಾಗಿಲ್ಲ.

ನಾನು ಕೋರ್ಟಿನ ಜವಾನನಾಗಿದ್ದೆ. ಮ್ಯಾಟ್ರಿಕ್ ಪಾಸಾದ ಮೇಲೆ ಸಿಕ್ಕ ನೌಕರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡೆ ಚಾಕರಿ ಮಾಡಿದ್ದೇನೆ. ಇದು ನಡೆದದ್ದು ಎಲ್ಲಿ ಎಂದು ಬರೆಯುವುದಿಲ್ಲ. ತಪ್ಪು ನನ್ನದು, ಊರಿನದಲ್ಲ. ಫೈಲು ಒಯ್ಯುವುದು, ಕುರ್ಚಿ ಒರೆಸುವುದು ಇವೆಲ್ಲ ಇದ್ದರೂ ನನ್ನ ಮುಖ್ಯ ಕೆಲಸ ಕೂಗುವುದು. ಪ್ರಕರಣ ಬಂತೆಂದರೆ ಬಾಗಿಲಲ್ಲಿ ನಿಂತು ಆ ಹೆಸರನ್ನು ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೂ ಬರಲಿಲ್ಲವೆಂದರೆ ಗೈರು. ನನ್ನ ದನಿ ದೊಡ್ಡದು. ನಾನು ಕೂಗಿದರೆ ಆಲಮಟ್ಟಿ ಡ್ಯಾಮಿನ ಗೇಟುಗಳು ತಾವಾಗಿಯೇ ಮೇಲೇಳುತ್ತವೆ ಎಂದು ವಕೀಲರು ನಗುತ್ತಿದ್ದರು. ಆ ಮಾತು ನನಗೆ ಹಿಡಿಸುತ್ತಿತ್ತು.

ಆಕೆಯನ್ನು ಮೊದಲು ಕಂಡದ್ದೂ ಕೂಗಿದ ದಿನವೇ. ಫೈಲಿನ ಮೇಲೆ ಮಗುವಿನ ಹೆಸರಿತ್ತು, ಅದನ್ನೇ ಕೂಗಿದೆ. ಮೊದಲ ಕೂಗಿಗೆ ಐದಾರು ವರ್ಷದ ಹುಡುಗಿಯೊಂದು ಕಿವಿ ಮುಚ್ಚಿಕೊಂಡಿತು. ಎರಡನೆಯದಕ್ಕೆ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಮೂರನೆಯದನ್ನು ಕೂಗಲು ಆಕೆ ಬಿಡಲಿಲ್ಲ. ಸರಸರ ಬಂದು ನನ್ನೆದುರು ನಿಂತು, "ಅಣ್ಣಾರ, ಆಕಿ ಹೆಸರ ಕೂಗಬ್ಯಾಡ್ರಿ. ಕಳ್ಳನ್ನ ಕರದಂಗ ಆಗತೈತಿ. ನಮ್ಮನ್ನ ಕರ್ಯೂದಿದ್ರ ಆ ಗಿಡದ ಬುಡಕ ಬಂದು ಹೇಳ್ರಿ. ನಾವೇನ್ ಓಡಿ ಹೋಗೂದಿಲ್ಲ" ಅಂದಳು.

ಕೋರ್ಟಿನ ಅಂಗಳದಲ್ಲೊಂದು ಬೇವಿನ ಗಿಡ. ಅದರ ನೆರಳಿನಲ್ಲಿ ನನ್ನ ಗೆಳೆಯ ಟೈಪಿಸ್ಟ್ ಒಬ್ಬ ಹಳೇ ಮಷೀನು ಇಟ್ಟುಕೊಂಡು ಅರ್ಜಿ ಹೊಡೆಯುತ್ತ ಕೂತಿರುತ್ತಿದ್ದ. ಆಕೆ ಅವನ ಬಾಜೂಕೆ ಗೋಣೀಚೀಲ ಹಾಸಿದಳು. ಅಂದಿನಿಂದ ಅವಳ ಪ್ರಕರಣ ಬಂದಾಗ ನಾನು ಬಾಗಿಲಲ್ಲಿ ನಿಂತು ಕೂಗದೆ, ಗಿಡದವರೆಗೆ ನಡೆದು ಹೋಗಿ ಹೇಳುತ್ತಿದ್ದೆ. ಕೋರ್ಟಿನವರೆಲ್ಲ ಆಕೆಯನ್ನು ಬೇವಿನಗಿಡದಾಕಿ ಎಂದೇ ಕರೆಯತೊಡಗಿದರು. ಮಗು ಕರೆಯುತ್ತಿದ್ದದ್ದು ಅವ್ವ ಎಂದು.

ಮಗುವಿನ ತಂದೆತಾಯಿ ಕಬ್ಬು ಕಡಿಯುವ ಗ್ಯಾಂಗಿನೊಡನೆ ಹೋದವರು, ಟ್ರ್ಯಾಕ್ಟರ್ ಪಲ್ಟಿಯಾಗಿ ಇಬ್ಬರೂ ತೀರಿಕೊಂಡಿದ್ದರು. ಆಗ ಬಳಗದವರು ಯಾರೂ ಮುಂದೆ ಬಾರದೆ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯವರು ಮಗುವನ್ನು ಸಾಕಲು ಈಕೆಯ ಮನೆಗೆ ಕೊಟ್ಟಿದ್ದರು. ದತ್ತು ಅಲ್ಲ, ಸಾಕುವುದಷ್ಟೇ. ಈಕೆಯ ಗಂಡ ಆಲಮಟ್ಟಿಯಲ್ಲಿ ಕಾಲುವೆ ಕೆಲಸಕ್ಕಿದ್ದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಎರಡು ಗಂಡುಮಕ್ಕಳು ಬೆಳೆದು ದುಡಿಮೆಗೆ ಹತ್ತಿದ್ದರು. ಮತ್ತೆ ಈ ಉಸಾಬರಿ ಯಾಕೆ ಎಂದು ಟೈಪಿಸ್ಟ್ ಕೇಳಿದರೆ, "ಕೈ ಖಾಲಿ ಇದ್ವು" ಅಂದಿದ್ದಳು.

ಎರಡು ವರ್ಷ ಕಳೆದ ಮೇಲೆ ಮಗುವಿನ ಕಾಕಾನಿಗೆ ತಮ್ಮ ಮನೆತನದ ಹುಡುಗಿ ಕಂಡವರ ಮನೆಯಲ್ಲಿ ಉಣ್ಣುತ್ತಾಳೆಂದು ನಾಲ್ಕು ಜನ ಆಡಿಕೊಂಡದ್ದು ಚುಚ್ಚಿತು. ಮಗುವನ್ನು ತನ್ನ ವಶಕ್ಕೆ ಕೊಡಬೇಕೆಂದು ಕೋರ್ಟಿಗೆ ಬಂದ. ಆ ಫೈಲಿನಲ್ಲಿ ಕಾಕಾನ ಹೆಸರಿತ್ತು, ಸಮಿತಿಯ ಹೆಸರಿತ್ತು, ಇಲಾಖೆಯ ಹೆಸರಿತ್ತು. ಮಗುವಿಗೆ ಜ್ವರ ಬಂದರೆ ಎದ್ದು ಕೂರುವವಳ ಹೆಸರು ಎಲ್ಲಿಯೂ ಇರಲಿಲ್ಲ. ಆದರೂ ಮಗುವನ್ನು ಹಾಜರುಪಡಿಸಬೇಕೆಂದು ಪ್ರತಿ ತಾರೀಖಿಗೂ ಆಕೆಯೇ ಕರೆತರಬೇಕಾಗಿತ್ತು. ಬಸ್ಸು ಹತ್ತಿ, ಸಾಲೆ ಬಿಡಿಸಿ, ಬೇಡಿ ಹಾಕಿದ ಕೈದಿಗಳು ಸಾಗುವ ಅಂಗಳದಲ್ಲಿ ದಿನವಿಡೀ ಕೂತು, ಸಂಜೆ ಮುಂದಿನ ತಾರೀಖು ಕೇಳಿಕೊಂಡು ಹೋಗಬೇಕು. ಒಮ್ಮೆ ಕಾಕಾನ ವಕೀಲರು ಇಲ್ಲ. ಒಮ್ಮೆ ಜಡ್ಜ್ ಸಾಹೇಬರಿಗೆ ವರ್ಗ. ಮಕ್ಕಳ ರಕ್ಷಣೆಯ ಅಧಿಕಾರಿಣಿಯೊಬ್ಬರಿದ್ದರು, ಆದರೆ ಅವರೊಬ್ಬರಿಗೇ ಇಷ್ಟೂ ತಾಲೂಕು. ಅವರು ಬಂದ ದಿನ ಬೇರೆಯವರು ಬರುತ್ತಿರಲಿಲ್ಲ, ಬೇರೆಯವರು ಬಂದ ದಿನ ಅವರು ಇನ್ನೆಲ್ಲೋ ಇರುತ್ತಿದ್ದರು.

ಆಕೆ ಮಾತ್ರ ಒಮ್ಮೆಯೂ ತಪ್ಪಿಸಲಿಲ್ಲ. ಮಧ್ಯಾಹ್ನ ಗಂಟು ಬಿಚ್ಚುತ್ತಿದ್ದಳು. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ, ಉಳ್ಳಾಗಡ್ಡಿ. ಮೊದಲ ತುಂಡು ಮಗುವಿಗೆ, ಆಮೇಲೆ ಟೈಪಿಸ್ಟನಿಗೆ, ನನಗೆ, ಉಳಿದದ್ದು ತನಗೆ. ಬೇಡವೆಂದರೆ ಕೇಳುತ್ತಿರಲಿಲ್ಲ. ಕರಿ ಕೋಟುಗಳನ್ನು ಕಂಡು ಮಗು ಅಂಜುತ್ತದೆಂದು ಒಂದು ಉಪಾಯ ಮಾಡಿದ್ದಳು. ವಕೀಲರು ಯಾರಾದರೂ ಹತ್ತಿರ ಸುಳಿದರೆ, "ಕಾಗಿ ಬಂತು ನೋಡು, ರೊಟ್ಟಿ ಮುಚ್ಚು" ಅನ್ನುವಳು. ಮಗು ಪುಟ್ಟ ಕೈಗಳಿಂದ ರೊಟ್ಟಿ ಮುಚ್ಚಿ ನಗುತ್ತಿತ್ತು. ಒಬ್ಬ ಹಿರಿಯ ವಕೀಲರು ಇದನ್ನು ಕೇಳಿಸಿಕೊಂಡು, "ಕಾಗಿಗೂ ಒಂದು ತುತ್ತು ಇಡಬೇಕವ್ವಾ, ಇಲ್ಲಂದ್ರ ಪಾಪ ಬರತೈತಿ" ಎಂದು ಕೈಚಾಚಿದ್ದರು. ಮಗು ಯೋಚಿಸಿ ಯೋಚಿಸಿ ಒಂದು ಚೂರು ಕೊಟ್ಟಿತು.

ನನ್ನನ್ನು ಅದು ಅಜ್ಜನ ಹಾಗೆ ಮುತ್ಯಾ ಎನ್ನುತ್ತಿತ್ತು. ಸೆರಗಿನ ತುದಿ ಬಾಯಲ್ಲಿಟ್ಟುಕೊಂಡೇ ಅನ್ನುತ್ತಿದ್ದರಿಂದ ಮುತ್ಯಾ ಎಂಬುದು ಅರ್ಧಕ್ಕೇ ಉಳಿಯುತ್ತಿತ್ತು.

ಇಲ್ಲಿ ಮತ್ತೊಮ್ಮೆ ಎದ್ದು ಹೋಗಿ ಬಂದೆ.

ಒಂದು ಬಿಸಿಲಿನ ದಿನ, ತಾರೀಖು ಮತ್ತೆ ಮುಂದೆ ಹೋಗಿತ್ತು. ಗಿಡದ ಕೆಳಗೆ ನಾಲ್ಕು ಜನ ಕೂತಿದ್ದರು. ನಾನು ಹಿರಿಯನೆಂಬ ಗತ್ತಿನಲ್ಲಿ ಬುದ್ಧಿ ಹೇಳಲು ಹೋದೆ. "ತಂಗೀ, ನೀ ಹಡದಾಕಿ ಅಲ್ಲ, ಬಳಗದಾಕಿನೂ ಅಲ್ಲ. ಅವರ ಕೂಸು ಅವರಿಗಿ ಕೊಟ್ಟು ಸುಮ್ಮನ ಮನ್ಯಾಗ ಕುಂಡ್ರಬಾರದ? ಕರುಳಿನ ಸಂಬಂಧದ ಮುಂದ ನಿಂದೇನ ನಡೀತೈತಿ?"

ಆಕೆ ಮಗುವಿನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ತಲೆಯೆತ್ತದೆ ಅಂದಳು: "ಹಡಿಯೂದು ಒಂದ ದಿನದ್ದು, ಸಾಕೂದು ದಿನಾದ್ದು. ನೀವು ಹಡದೀರಲ್ರಿ ಅಣ್ಣಾರ, ಸಾಕೀರೇನ್ರಿ?"

ಟೈಪಿಸ್ಟನ ಮಷೀನು ನಿಂತಿತು. ಯಾರೋ ಕಿಸಕ್ಕನೆ ನಕ್ಕರು.

ನನ್ನ ಹೆಂಡತಿ ತೀರಿಕೊಂಡಾಗ ಮಗಳಿಗೆ ಮೂರು ವರ್ಷ. ನೌಕರಿಯ ನೆಪ ಮಾಡಿ ಮಗಳನ್ನು ನನ್ನ ಅತ್ತೆಯ ಮನೆಯಲ್ಲಿ ಬಿಟ್ಟಿದ್ದೆ. ನಾಗರಪಂಚಮಿಗೆ ಹೋಗಿ ಫ್ರಾಕು, ಬಳೆ ಕೊಟ್ಟು ಸಂಜೆಯ ಬಸ್ಸಿಗೆ ತಿರುಗಿ ಬರುತ್ತಿದ್ದೆ. ಮದುವೆಯಾಗಿ ಮಕ್ಕಳಾದರೂ ನನ್ನ ಮಗಳು ಇವತ್ತಿಗೂ ನನ್ನನ್ನು ಬಂದ ಬೀಗರಂತೆ ಕೂರಿಸಿ ಚಹಾ ಕೊಡುತ್ತಾಳೆ. ಇದು ಕೋರ್ಟಿನವರಿಗೆಲ್ಲ ಗೊತ್ತಿತ್ತು. ಬೇವಿನಗಿಡದಾಕಿ ಹಂಗಿಸಲೆಂದು ಅಂದದ್ದಲ್ಲ. ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಅಂದು ನಾನು ರೊಟ್ಟಿ ಮುಟ್ಟಲಿಲ್ಲ. ಆಕೆ ನನ್ನ ಪಾಲನ್ನು ಕಾಗದದಲ್ಲಿ ಸುತ್ತಿ ನನ್ನ ಸ್ಟೂಲಿನ ಮೇಲೆ ಇಟ್ಟು ಹೋದಳು. ಅದನ್ನು ನಾಯಿಗೆ ಹಾಕಿದೆ.

ಮುಂದಿನ ತಾರೀಖಿಗೆ ಹೊಸ ಜಡ್ಜ್ ಬಂದಿದ್ದರು. ಫೈಲನ್ನು ಮೊದಲಿನಿಂದ ಓದುವ ಮನುಷ್ಯ. ಅಧಿಕಾರಿಣಿ ಅಂದೂ ಬಂದಿರಲಿಲ್ಲ. ವಾದ ಮುಗಿದ ಮೇಲೆ ಮಗುವನ್ನು ಕರೆದರಾಯಿತೆಂದು ಆಕೆಯನ್ನು ಹೊರಗೇ ಬಿಟ್ಟು, ಕಾಕಾನ ವಕೀಲರು ರಕ್ತಸಂಬಂಧದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಎಲ್ಲವನ್ನೂ ಕೇಳಿ ಸಾಹೇಬರು, ಇಷ್ಟು ದಿನ ಈ ಮಗುವನ್ನು ನೋಡಿಕೊಂಡವರು ಯಾರು, ಬಂದಿದ್ದರೆ ಕರೆಯಿರಿ, ಅವರ ಹತ್ತಿರ ಮಾತಾಡಬೇಕು ಅಂದರು. ಆ ಮಾತನ್ನು ಅಲ್ಲಿಯವರೆಗೆ ಒಬ್ಬರೂ ಕೇಳಿರಲಿಲ್ಲ. ಆಕೆ ಅಷ್ಟು ತಿಂಗಳು ಆ ಗಿಡದ ಕೆಳಗೆ ಕಾದದ್ದೇ ಆ ಒಂದು ಮಾತಿಗೆ.

ನಾನು ಬಾಗಿಲಿಗೆ ಬಂದೆ. ಆಕೆ ಗಿಡದ ಕೆಳಗೆ ನನ್ನ ಕಡೆ ಬೆನ್ನು ಮಾಡಿ ಕೂತು ಮಗುವಿನ ಜಡೆ ಹೆಣೆಯುತ್ತಿದ್ದಳು. ಬಾಜೂಕೆ ಟೈಪಿಸ್ಟನ ಮಷೀನು ಖಟಖಟ ಓಡುತ್ತಿತ್ತು. ಆ ಮಷೀನು ಓಡುವಾಗ ಅಲ್ಲಿ ಕೂತವರಿಗೆ ಬಾಗಿಲ ಕಡೆಯ ಸಾದಾ ಮಾತು ಕೇಳುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನಡೆದು ಹೋಗಿದ್ದರೆ ಒಂದು ಬೀಡಿ ಹಚ್ಚುವಷ್ಟು ಹೊತ್ತು ಹಿಡಿಯುತ್ತಿರಲಿಲ್ಲ.

ಹೋಗಲಿಲ್ಲ. ಅಂಗಳದ ಕಡೆಗೂ ತಿರುಗಲಿಲ್ಲ. ಪಡಸಾಲೆಯ ಕಡೆ ಮುಖ ಮಾಡಿ, ಒಳಗೆ ಕೂತವರಿಗೆ ಕೇಳುವಷ್ಟು ದನಿಯಲ್ಲಿ ಆಕೆಯ ಹೆಸರನ್ನು ಮೂರು ಸಲ ಹೇಳಿದೆ. ನಿಯಮದಲ್ಲಿ ಎಷ್ಟು ಬರೆದಿದೆಯೋ ಅಷ್ಟು. ಆಗ ಮನಸ್ಸಿನಲ್ಲಿದ್ದದ್ದು ಬರೀ ಸಿಟ್ಟೇ ಆಗಿದ್ದರೆ ಇಂದು ಒಪ್ಪಿಕೊಳ್ಳುವುದು ಸುಲಭವಾಗುತ್ತಿತ್ತು. ನಾನು ನ್ಯಾಯ ಮಾಡುತ್ತಿದ್ದೇನೆ ಎಂದೂ ಅನ್ನಿಸಿತ್ತು. ಅವರ ಕೂಸು ಅವರಿಗೆ ಸೇರಲಿ, ಹಡೆಯದವಳಿಗೆ ಇಷ್ಟು ಸೊಕ್ಕು ಯಾಕೆ ಎಂದುಕೊಂಡಿದ್ದೆ. ಒಳಗೆ ಹೋಗಿ, ಯಾರೂ ಬರಲಿಲ್ಲ ಎಂದು ವರದಿ ಒಪ್ಪಿಸಿದೆ. ಸಾಹೇಬರು ಗಡಿಯಾರ ನೋಡಿದರು, ಸ್ವಲ್ಪ ಕಾದರು, ಬರೆದರು. ಮಗುವನ್ನು ಸದ್ಯ ಕಾಕಾನ ವಶಕ್ಕೆ ಕೊಡುವುದು, ಸಂಬಂಧಪಟ್ಟವರು ಮನೆಗೆ ಹೋಗಿ ನೋಡಿ ವರದಿ ಕೊಡುವುದು.

ಕಾಕಾ ಕ್ರೂರಿಯಲ್ಲ. ಗಿಡದ ಹತ್ತಿರ ಬರುವಾಗ ಬಿಸ್ಕಿಟ್ ಪುಡಿಕೆ ತಂದಿದ್ದ. "ಬಾರವ್ವಾ, ನಮ್ಮ ಮನಿಗಿ ಹೋಗೂನು" ಎಂದು ಮೆತ್ತಗೇ ಕರೆದ. ಮಗು ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಿತು. ಆಕೆ ಎದ್ದು ನಿಂತು ನನ್ನನ್ನು ಹುಡುಕಿದಳು.

"ಅಣ್ಣಾರ, ನಮ್ಮನ್ನ ಕರೀಲೇ ಇಲ್ಲಲ್ರಿ?"

"ಮೂರು ಸಲ ಕೂಗೀನಿ. ಎಲ್ಲಾರಿಗೂ ಕೇಳೇತಿ."

ಆಕೆಯ ಕೈ ತಾನಾಗಿ ಕಿವಿಗೆ ಹೋಯಿತು. "ನನಗ ಕೇಳಲಿಲ್ಲಲ್ರಿ" ಅಂದಳು, ತನಗೆ ತಾನೇ ಹೇಳಿಕೊಂಡಂತೆ. ಆಮೇಲೆ ಕೆಳಗೆ ಕೂತು, ಕೂಸು ಬಾಯಿಗೆ ಹಾಕಿಕೊಂಡ ಕಲ್ಲು ತೆಗೆಯುವಂತೆ ಬೆರಳು ಹಾಕಿ ಮಗುವಿನ ಬಾಯಿ ಬಿಡಿಸಿ ಸೆರಗು ಎಳೆದುಕೊಂಡಳು. ಅಳಲಿಲ್ಲ. ನಾನು ಒಳಗೆ ಹೋದೆ. ಮುಂದಿನ ಪ್ರಕರಣಕ್ಕೆ ಕೂಗಿದಾಗ ನನ್ನ ದನಿ ಗಿಡವನ್ನು ದಾಟಿ ರಸ್ತೆಯವರೆಗೂ ಹೋಯಿತು.

ಆ ವರದಿ ಕೊಡಲು ಯಾರೂ ಹೋಗಲಿಲ್ಲವೆಂದು ಕೇಳಿದ್ದೇನೆ. ಆದೇಶ ಬರೆಯುವವರೆಗೆ ಎಲ್ಲರಿಗೂ ಅವಸರ, ಬರೆದ ಮೇಲೆ ಮಗು ಎಲ್ಲಿ ಮಲಗುತ್ತದೆಂದು ನೋಡುವವರಿಲ್ಲ. ಕಬ್ಬಿನ ಹಂಗಾಮು ಬಂದಾಗ ಕಾಕಾನ ಮನೆಯವರೆಲ್ಲ ಮಹಾರಾಷ್ಟ್ರಕ್ಕೆ ಹೋದರು. ಹುಡುಗಿ ಹೊಲದ ಅಂಚಿನ ಗುಡಿಸಲಲ್ಲಿ ಕಾಕಾನ ಎಳೆಗೂಸನ್ನು ಆಡಿಸುತ್ತ ಉಳಿದಳು. ಸಾಲೆ ಬಿಟ್ಟುಹೋಯಿತು.

ಈ ಕಡೆ ಬೇವಿನಗಿಡದಾಕಿ ಟೈಪಿಸ್ಟನಿಂದ ಅರ್ಜಿ ಬರೆಸಿಕೊಂಡು ಸಮಿತಿಗೆ, ಇಲಾಖೆಗೆ ತಿರುಗುತ್ತಿದ್ದಳು. ಬಂದಾಗಲೆಲ್ಲ ನನ್ನನ್ನು ಮಾತಾಡಿಸುತ್ತಿದ್ದಳು. ನನ್ನ ಮೇಲೆ ಆಕೆಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಎಲ್ಲವನ್ನೂ ತನ್ನ ಕಿವಿಯ ಮೇಲೆ ಹಾಕಿಕೊಂಡಿದ್ದಳು. ದಿನಾ ಮಲಗುವ ಮುಂದೆ ಬೆಚ್ಚಗಿನ ಎಣ್ಣೆ ಬಿಟ್ಟುಕೊಳ್ಳುತ್ತಾಳೆ, ಬಸ್ಸಿನ ಕಂಡಕ್ಟರನಿಗೂ ಜೋರಾಗಿ ಹೇಳ್ರಿ ಅನ್ನುತ್ತಾಳೆ ಎಂದು ಟೈಪಿಸ್ಟ್ ಮರುಗುತ್ತಿದ್ದ. ಪಿಸುಮಾತೂ ಕೇಳುವ ಕಿವಿ ಆಕೆಯದು. ನನ್ನೆದುರೇ, "ನಂದು ಕಿವಿ ಮಂದ ಅಣ್ಣಾರ, ಇಲ್ಲಂದ್ರ ನನ್ನ ಕೂಸು ಹೋಗತಿದ್ದಿಲ್ಲ" ಅನ್ನುತ್ತಿದ್ದಳು. ನಾನು ಹೂಂಗುಡುತ್ತಿದ್ದೆ.

ಎರಡು ಹಂಗಾಮು ಕಳೆದ ಮೇಲೆ ಹುಡುಗಿ ಒಂದು ಬಸ್ ಸ್ಟ್ಯಾಂಡಿನಲ್ಲಿ ಕಾಕಾನ ಕೂಸನ್ನು ಎತ್ತಿಕೊಂಡು ಒಬ್ಬಳೇ ಕೂತಿದ್ದಳಂತೆ. ಯಾರೋ ಪುಣ್ಯಾತ್ಮರು ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರು. ಆಗ ಸಮಿತಿಗೆ ಹೊಸ ಅಧ್ಯಕ್ಷೆಯೊಬ್ಬರು ಬಂದಿದ್ದರು. ಅವರು ಯಾರ ಹೆಸರನ್ನೂ ಕೂಗಿಸಲಿಲ್ಲ. ಹುಡುಗಿಯೊಡನೆ ಚಾಪೆಯ ಮೇಲೆ ಕೂತರು. ಸಾಕಿದವಳನ್ನು ಕರೆಸಿ, ಕುರ್ಚಿ ಕೊಟ್ಟು, ಮಗು ಯಾವುದಕ್ಕೆ ಅಂಜುತ್ತದೆ, ಏನು ಉಣ್ಣುತ್ತದೆ ಎಂದು ಕೇಳಿ ಬರೆದುಕೊಂಡರು. ಆ ಮೇಲೆ ಕೋರ್ಟಿನಲ್ಲೂ ಸಮಿತಿಯ ಮಾತು ನಡೆದು ಹುಡುಗಿ ಆಕೆಯ ಮನೆಗೆ ತಿರುಗಿ ಬಂದಳು. ಇದನ್ನು ಕೇಳಿದಾಗ, ಹೀಗೂ ಮಾಡಬಹುದಿತ್ತಲ್ಲ ಅನ್ನಿಸಿತು. ಒಂದು ಚಾಪೆ, ಒಂದು ಕುರ್ಚಿ. ಸಾಕಿದವರನ್ನು ಕೇಳದೆ ಆದೇಶ ಬರೆಯಬಾರದು ಎಂಬ ಒಂದು ಸಾಲು ಎಲ್ಲಾದರೂ ಗಟ್ಟಿಯಾಗಿ ಇದ್ದಿದ್ದರೆ, ಒಬ್ಬ ಜವಾನನ ಸಿಟ್ಟಿಗೆ ಒಂದು ಮಗುವಿನ ಹಣೆಬರಹ ತಿದ್ದುವಷ್ಟು ಬಲ ಬರುತ್ತಿರಲಿಲ್ಲ. ಇದು ನನ್ನ ತಪ್ಪನ್ನು ಹಗುರ ಮಾಡಿಕೊಳ್ಳುವ ಮಾತಲ್ಲ. ಬಾಗಿಲಲ್ಲಿ ನಿಂತು ಜೀವಮಾನ ಕಳೆದವನಿಗೆ ಆ ಬಾಗಿಲಿನಿಂದ ಏನೇನು ನುಸುಳುತ್ತದೆಂದು ಗೊತ್ತಿರುತ್ತದೆ.

ಅವರಿಬ್ಬರನ್ನೂ ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಕಂಡೆ. ಹುಡುಗಿ ಎತ್ತರವಾಗಿದ್ದಳು. ಆಕೆಯಿಂದ ಒಂದು ಮಾರು ದೂರ ನಿಂತಿದ್ದಳು. ನನ್ನ ಕಣ್ಣು ಸೆರಗಿನ ಮೂಲೆಗೆ ಹೋಯಿತು. ಬಟ್ಟೆಯೆಲ್ಲ ಒಂದೇ ಬಣ್ಣಕ್ಕೆ ಮಾಸಿತ್ತು. ನಾನು ನೋಡಿದ್ದನ್ನು ಆಕೆ ನೋಡಿದಳು. "ಸೆರಗ ಒಣಾನ ಇರತೈತ್ರಿ ಈಗ. ದೊಡ್ಡಾಕಿ ಆಗ್ಯಾಳ" ಅಂದು ನಕ್ಕಳು.

ನಿವೃತ್ತಿಯಾದ ಮೇಲೆ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಮಗಳ ಮನೆಗೆ ಹೋದರೆ ಮಧ್ಯಾಹ್ನಕ್ಕೇ ಎದ್ದು ಬರುತ್ತಿದ್ದೆ. ಕೆಲಸವಿಲ್ಲದಿದ್ದರೂ ದೇವಣಗಾಂವಕ್ಕೆ ಹೋಗುತ್ತಿದ್ದೆ, ಮೋರಟಗಿಗೆ ಹೋಗುತ್ತಿದ್ದೆ, ಕಂಡ ಬಸ್ಸು ಹತ್ತುತ್ತಿದ್ದೆ. ಹಾಗೆ ಒಂದು ದಿನ ಬೇವಿನಗಿಡದಾಕಿಯ ಊರಿನ ಬಸ್ಸು ಹತ್ತಿದೆ. ಆಕೆ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಬಹಳ ಸೊರಗಿದ್ದಳು. ನಾನು ಕೂರದೆ, ನಿಂತಲ್ಲೇ ಎಲ್ಲ ಹೇಳಿದೆ. ಸಾಹೇಬರು ಕರೆ ಎಂದದ್ದು, ಬಾಗಿಲು, ಮಷೀನು, ಪಡಸಾಲೆಯ ಕಡೆ ತಿರುಗಿದ ನನ್ನ ಮುಖ.

ಆಕೆ ಮೊರ ಕೆಳಗಿಟ್ಟು, ಜೋಳದಲ್ಲಿದ್ದ ಒಂದು ಹರಳು ಹೆಕ್ಕಿ ಎಸೆದಳು.

"ಹಂಗಾರ ನನ್ನ ಕಿವಿ ಬರೋಬ್ಬರಿ ಅದಾವು" ಅಂದಳು. "ಸುಮ್ಮನ ಎಣ್ಣಿ ದಂಡ ಮಾಡಿನಿ ನೋಡ್ರಿ."

ನಾನು ತಪ್ಪಾಯಿತು ಅಂದೆ. ಆಕೆ ತಲೆಯಾಡಿಸಿದಳು.

"ನನ್ನ ಮುಂದ ಹೇಳಿದ್ರಿ, ಛಲೋ ಆತು. ಆಕಿ ಮುಂದ ಹೇಳ್ರಿ. ನಿಮ್ಮವ್ವನ ಮೂರು ಸಲ ಕರದ್ರೂ ಬರಲಿಲ್ಲ, ನೀ ಬ್ಯಾಡಾಗಿದ್ದಿ ಅಂತ ಅವರ ಕಾಕಾ ಆಕೀಗಿ ಹೇಳ್ಯಾನ. ಅದನ್ನ ಎದ್ಯಾಗ ಇಟಗೊಂಡಾಳ."

ನೀನೇ ಹೇಳು ತಂಗಿ ಅಂದೆ.

"ನಾ ಹೇಳಿದ್ರ ನಾನ ನನ್ನ ಪರ ಸಾಕ್ಷಿ ಹೇಳಿದಂಗ ಆಗತೈತಿ. ಕೂಗಿದಾವ್ರು ನೀವು. ನಿಮ್ಮ ಬಾಯಿಂದನ ಬರ್ಬೇಕು."

ಹುಡುಗಿ ಸಂಜೆ ಸಾಲೆಯಿಂದ ಬರುವವಳಿದ್ದಳು. ಕಾಯುತ್ತೇನೆಂದು ಕಟ್ಟೆಯ ಮೇಲೆ ಕೂತೆ. ರೊಟ್ಟಿ ಕೊಟ್ಟಳು, ಉಂಡೆ. ಆಮೇಲೆ ಬಸ್ಸಿನ ಹಾರ್ನ್ ಕೇಳಿಸಿತು. ಎದ್ದು ಹೊರಟುಬಿಟ್ಟೆ. ಇನ್ನೊಮ್ಮೆ ಬಂದು ಹೇಳುತ್ತೇನೆ ಅಂದೆ. ಆಕೆ ನಾನು ಉಂಡ ತಾಟು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಹುಡುಗಿಗೆ ಪರೀಕ್ಷೆ ಎಂದುಕೊಂಡೆ, ಹಬ್ಬ ಎಂದುಕೊಂಡೆ, ನನ್ನ ಮೊಣಕಾಲು ನೋವು ಎಂದುಕೊಂಡೆ. ಆಕೆಯನ್ನು ಸೊರಗಿಸಿದ ಜಡ್ಡು ಹೊಟ್ಟೆಯಲ್ಲಿ ಬೆಳೆಯುತ್ತಿತ್ತು. ಒಂದು ಮುಂಜಾನೆ ಟೈಪಿಸ್ಟ್ ಫೋನು ಮಾಡಿ, ಬೇವಿನಗಿಡದಾಕಿ ಹೋದಳು ಅಂದ.

ಮಣ್ಣಿಗೆ ಹೋಗಲು ಧೈರ್ಯವಾಗಲಿಲ್ಲ. ದಿನಕರ್ಮದ ಊಟಕ್ಕೆ ಹೋದೆ. ಪಂಕ್ತಿಯಲ್ಲಿ ಬಡಿಸುತ್ತಿದ್ದವಳು ಆ ಹುಡುಗಿ, ಈಗ ಹತ್ತನೆಯ ಇಯತ್ತೆ. ನನ್ನ ಮುಂದೆ ಬಂದು ನಿಂತು, ರೊಟ್ಟಿ ಇಟ್ಟು, ಹಿಂಡಿ ಹಾಕಿ, ಮುತ್ಯಾ ಅಂದಳು. ಈ ಸಲ ಪೂರ್ತಿಯಾಗಿ. ಬುಟ್ಟಿ ಸೊಂಟಕ್ಕೆ ಆನಿಸಿಕೊಂಡು ಹಾಗೇ ನಿಂತಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅವ್ವನ ಕಿವಿ ಮಂದ ಇದ್ವಂತ ಟೈಪಿಸ್ಟ್ ಮುತ್ಯಾ ಅಂದ್ರು. ಅವತ್ತ ನೀವು ಕರದದ್ದು ಅದಕ್ಕ ಕೇಳಿದ್ದಿಲ್ಲೇನ್ರಿ? ಬೇಕಂತ ಬರಲಾರ್ದ ಕುಂತಿದ್ದಿಲ್ಲಲ್ರಿ?"

ಬಾಯಲ್ಲಿ ಆಕೆಯ ಮನೆಯ ರೊಟ್ಟಿ ಇತ್ತು. ನಾನು ತಲೆಯಾಡಿಸಿದೆ. ಹೌದವ್ವಾ, ಕಿವಿ ಮಂದ ಇದ್ದವು ಅನ್ನುವ ಹಾಗೆ. ಹುಡುಗಿಯ ಮುಖ ಎಷ್ಟು ಹಗುರಾಯಿತೆಂದರೆ, ನನಗೆ ಅದನ್ನು ನೋಡಲಾಗಲಿಲ್ಲ. ಇನ್ನೊಂದು ರೊಟ್ಟಿ ಇಟ್ಟು ಮುಂದೆ ಹೋದಳು. ಇಲ್ಲದ ಕಿವುಡನ್ನು ಹೊರಿಸಿ ನಾನು ಆ ತಾಯಿಯನ್ನು ಎರಡನೆಯ ಸಲ ಗೈರು ಮಾಡಿದ್ದೆ.

ಹೊರಗೆ ಹಗ್ಗದ ಮೇಲೆ ಆಕೆಯ ಸೀರೆಗಳನ್ನು ಒಣಹಾಕಿದ್ದರು. ಆ ಕೆಂಪು ಸೆರಗೂ ಇತ್ತು. ನೋಡದೆ ಬಸ್ಸು ಹತ್ತಿದೆ.

ಹೆಸರು ಕೂಗಿ ಹೊಟ್ಟೆ ಹೊರೆದವನು ನಾನು. ಇಲ್ಲಿ ಮಾತ್ರ ಯಾರ ಹೆಸರನ್ನೂ ಬರೆದಿಲ್ಲ. ಮಗುವಿನ ಹೆಸರು ಕೂಗಬ್ಯಾಡ್ರಿ ಎಂದು ಮೊದಲ ದಿನವೇ ಆಕೆ ಹೇಳಿದ್ದಳು, ಆ ಒಂದು ಮಾತನ್ನಾದರೂ ಉಳಿಸಿಕೊಂಡಿದ್ದೇನೆ. ಆದರೆ ಬಾಗಿಲಿನಿಂದ ಗಿಡದವರೆಗೆ ಅಂದು ನಡೆಯದೆ ಉಳಿದ ದಾರಿಯನ್ನು ನಡೆಯುವುದು ಇನ್ನೂ ಬಾಕಿ ಇದೆ. ಅವರೂರಿನ ಬಸ್ಸು ಊಟದ ಹೊತ್ತಿಗೆ ನಮ್ಮ ಮನೆಯ ಮುಂದಿನಿಂದಲೇ ಹೋಗುತ್ತದೆ. ಸಾಲೆ ಬಿಡುವ ಮೊದಲು ತಲುಪಿಸುತ್ತದೆ. ಅಲ್ಲಿ, ತಪ್ಪಾಯಿತು ಎಂದು ನಾನು ಇನ್ನೂ ಹೇಳದವಳು ಒಬ್ಬಳಿದ್ದಾಳೆ.

ಆ ಅವ್ವನ ಮಗಳು.